ಹೆಸರಿಗೆ ಗೌರವ, ಆಟಕ್ಕೆ ಜಾಗ

2023ರ ಮಾರ್ಚ್ 18, ಶನಿವಾರ. ವಿಜಯಪುರದ ಸಮೀಪದ ಇಟ್ಟಂಗಿಹಾಳದ ಒಂದು ಮನೆಯಲ್ಲಿ ಅಂದು ರೊಟ್ಟಿ ಊಟ ಬೇಗ ಮುಗಿಯಿತು. ಗೋವಾದ ಫತೋರ್ಡಾ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಅಂತಿಮ ಪಂದ್ಯ. ಒಂದು ಕಡೆ ಬೆಂಗಳೂರು ಎಫ್.ಸಿ., ಇನ್ನೊಂದು ಕಡೆ ಎ.ಟಿ.ಕೆ. ಮೋಹನ್ ಬಾಗಾನ್. ಟಿ.ವಿ. ಮುಂದೆ ಮೂರು ತಲೆಮಾರು ಕೂತಿತ್ತು: ದ್ರಾಕ್ಷಿ ತೋಟ ಮಾಡಿ ಹಣ್ಣಾದ ಮುತ್ಯಾ, ವಿಜಯಪುರದಲ್ಲಿ ನೌಕರಿ ಮಾಡುವ ಅಪ್ಪ, ಎಂಟನೆಯ ಇಯತ್ತೆಯ ಮೊಮ್ಮಗ.

ಬೆಂಗಳೂರಿನ ಮೊದಲ ಹನ್ನೊಂದು ಮಂದಿಯಲ್ಲಿ 38 ವರ್ಷದ ಸುನಿಲ್ ಛೆಟ್ರಿ ಇರಲಿಲ್ಲ. 21ರ ಶಿವಶಕ್ತಿ ನಾರಾಯಣನ್ ಮುಂಚೂಣಿಯಲ್ಲಿದ್ದರು. ಮೊಮ್ಮಗನಿಗೆ ಹಿಗ್ಗು.

“ನೋಡು ಮುತ್ಯಾ, ಛೆಟ್ರಿ ಹೊರಗ ಕುಂತಾನ. ಇನ್ನ ಹುಡುಗೂರ ಕಾಲ.”

“ಅಂವಾ ಇಲ್ಲದ ಟೀಮು ಉಪ್ಪಿಲ್ಲದ ಸಾರು ಇದ್ದಂಗ, ತಮ್ಮಾ” ಎಂದರು ಮುತ್ಯಾ.

ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿಯವರಿಗೆ ಪೆಟ್ಟಾಯಿತು. ಅವರು ಹೊರನಡೆದರು, ಛೆಟ್ರಿ ಒಳಗೆ ಬಂದರು. ಮುತ್ಯಾ ಚಪ್ಪಾಳೆ ತಟ್ಟಿದರು. ಆಗ ಅಷ್ಟು ಹೊತ್ತು ಸುಮ್ಮನಿದ್ದ ಅಪ್ಪ ಬಾಯಿಬಿಟ್ಟರು: “ಹುಡುಗಗ ಪೆಟ್ಟಾಗೇತಿ. ಅದಕ್ಯಾಕ ಚಪ್ಪಾಳಿ ಹೊಡೀತೀರಿ?”

ಮುತ್ಯಾನ ಕೈ ಅಲ್ಲೇ ನಿಂತಿತು. ಮೊದಲರ್ಧ ಮುಗಿಯುವ ಮುನ್ನ ಛೆಟ್ರಿ ಪೆನಾಲ್ಟಿಯಿಂದ ಗೋಲು ಹೊಡೆದು ಅಂಕ ಸಮ ಮಾಡಿದಾಗಲೂ ಆ ಕೈ ಮೊದಲಿನಷ್ಟು ಜೋರಾಗಿ ತಟ್ಟಲಿಲ್ಲ. ಪಂದ್ಯ 2–2ರಲ್ಲಿ ನಿಂತು, ಕೊನೆಗೆ ಪೆನಾಲ್ಟಿ ಹೊಡೆತಗಳಲ್ಲಿ ಮೋಹನ್ ಬಾಗಾನ್ 4–3ರಿಂದ ಗೆದ್ದಿತು.

ಮುತ್ಯಾ ಮತ್ತು ಮೊಮ್ಮಗ ಇಬ್ಬರೂ ಒಂದೇ ತಪ್ಪು ಮಾಡಿದ್ದರು. ಪಂದ್ಯ ನೋಡುವ ಮೊದಲೇ ಇಬ್ಬರ ತೀರ್ಪೂ ಸಿದ್ಧವಾಗಿತ್ತು. ಒಬ್ಬರು ಹೆಸರನ್ನು ನೋಡುತ್ತಿದ್ದರು, ಇನ್ನೊಬ್ಬ ವಯಸ್ಸನ್ನು ನೋಡುತ್ತಿದ್ದ. ಆಟ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಆಟವನ್ನು ನೋಡಿದ್ದರೆ ಅವರಿಗೆ ಕಾಣುತ್ತಿದ್ದ ಸಂಗತಿಯೇ ಬೇರೆ. ಆ ಋತುವಿನ ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಬೆಂಗಳೂರು ತಂಡ ಸಾಲಾಗಿ ಗೆದ್ದಿತ್ತು. ಆ ಓಟದಲ್ಲಿ ಶಿವಶಕ್ತಿ ಎದುರಾಳಿಗಳನ್ನು ಓಡಿ ಓಡಿ ದಣಿಸಿದರು. ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಆ ವರ್ಷ ಅವರಿಗೇ ಬಂತು. ಛೆಟ್ರಿ ಹಲವು ಸಲ ಬದಲಿ ಆಟಗಾರರಾಗಿ ಇಳಿದರು. ಹಾಗೆ ಇಳಿದೇ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ, ಬಹಳ ವಾದಕ್ಕೆ ಕಾರಣವಾದ ಆ ಫ್ರೀಕಿಕ್ ಗೋಲು ಹೊಡೆದರು. ಮಾರ್ಚ್ 7ರಂದು ಮುಂಬಯಿ ಸಿಟಿ ವಿರುದ್ಧ ಸೆಮಿಫೈನಲ್‌ನ ಮೊದಲ ಪಂದ್ಯದ ಏಕೈಕ ಗೋಲೂ ಅವರದೇ. ಹುಡುಗ ಬಾಗಿಲು ಸಡಿಲಿಸುತ್ತಿದ್ದ, ಹಿರಿಯ ಬಂದು ತೆರೆಯುತ್ತಿದ್ದ. ಇವರಲ್ಲಿ ಯಾರು ಹೆಚ್ಚು ಎಂದು ಕೇಳುವುದಕ್ಕಿಂತ, ಯಾರಿಗೆ ಯಾವ ಕೆಲಸ ಕೊಡಲಾಗಿತ್ತು, ಅದನ್ನು ಮಾಡಿದರೇ ಎಂದು ಕೇಳುವುದು ನ್ಯಾಯ.

ಅಭಿಮಾನಿಗಳ ಅನ್ಯಾಯದಲ್ಲಿ ಎರಡು ಬಗೆ. ಹಿರಿಯ ಆಟಗಾರ ಒಂದು ಚೆಂಡು ತಪ್ಪಿಸಿದರೆ “ವಯಸ್ಸಾಯಿತು” ಎನ್ನುತ್ತಾರೆ. ಅದೇ ಚೆಂಡನ್ನು ಅವನು ಇಪ್ಪತ್ತೈದರಲ್ಲಿ ತಪ್ಪಿಸಿದ್ದಾಗ “ಅದೃಷ್ಟ ಇರಲಿಲ್ಲ” ಎಂದವರೂ ಅವರೇ. ಕಿರಿಯನ ವಿಷಯದಲ್ಲಿ ಇದು ತಿರುವುಮುರುವು. ಒಂದು ಚಂದದ ಗೋಲು ಹೊಡೆದರೆ ಅವನನ್ನು ಪೆಲೆಯ ಪಕ್ಕದಲ್ಲಿ ಕೂರಿಸುತ್ತಾರೆ, ಮುಂದಿನ ವಾರ ಒಂದು ಪಾಸ್ ತಪ್ಪಿದರೆ “ಇವನಿಂದೇನಾದೀತು” ಎನ್ನುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೂ ತಪ್ಪು, ಕೂಸು ಎಡವಿತೆಂದು ಕುಲಾವಿ ಕಿತ್ತುಕೊಳ್ಳುವುದೂ ತಪ್ಪು.

ವಯಸ್ಸು ತಾನಾಗಿಯೇ ಏನನ್ನೂ ಹೇಳುವುದಿಲ್ಲವೆಂಬುದಕ್ಕೆ ವಿಶ್ವಕಪ್‌ನಲ್ಲೇ ಸಾಕ್ಷಿಗಳಿವೆ. 1958ರಲ್ಲಿ ಸ್ವೀಡನ್‌ಗೆ ಹೋದಾಗ ಪೆಲೆಗೆ 17 ವರ್ಷ. ಬ್ರೆಜಿಲ್‌ನ ಮೊದಲ ಎರಡು ಪಂದ್ಯಗಳಲ್ಲಿ ಅವರು ಆಡಿರಲಿಲ್ಲ. ಆಮೇಲೆ ಸೆಮಿಫೈನಲ್‌ನಲ್ಲಿ ಮೂರು, ಫೈನಲ್‌ನಲ್ಲಿ ಎರಡು ಗೋಲು ಹೊಡೆದರು. 1990ರಲ್ಲಿ ಇಟಲಿಗೆ ಹೋದ ಕ್ಯಾಮರೂನ್ ತಂಡದ ರೋಜರ್ ಮಿಲ್ಲಾ ಅವರಿಗೆ 38. ರಾಷ್ಟ್ರೀಯ ತಂಡದಿಂದ ನಿವೃತ್ತರಾಗಿದ್ದವರನ್ನು ಮತ್ತೆ ಕರೆಯಲಾಗಿತ್ತು. ಅವರು ಹೊಡೆದ ನಾಲ್ಕು ಗೋಲುಗಳೂ ಬದಲಿಯಾಗಿ ಇಳಿದ ಮೇಲೆ ಬಂದವು. 90 ನಿಮಿಷ ಓಡುವ ಶಕ್ತಿ ಅವರಿಂದ ಯಾರೂ ಬಯಸಿರಲಿಲ್ಲ. ಉಳಿದ ಅರ್ಧ ಗಂಟೆಯಲ್ಲಿ ಎಲ್ಲಿ ನಿಲ್ಲಬೇಕೆಂಬ ಬುದ್ಧಿ ಬೇಕಿತ್ತು. ಅದು ಅವರಲ್ಲಿತ್ತು.

ಹಾಗಾದರೆ ನ್ಯಾಯವಾಗಿ ಅಳೆಯುವುದು ಹೇಗೆ? ಮರುದಿನ ಇಟ್ಟಂಗಿಹಾಳದ ಆ ಅಪ್ಪ ಮಗನಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, “ಇನ್ನ ಮ್ಯಾಲ ಜಗಳ ಆಡೂದಿದ್ರ ಲೆಕ್ಕ ಇಟ್ಟು ಆಡ್ರಿ” ಎಂದರು. ಆ ಲೆಕ್ಕ ಯಾವ ವಿದ್ಯಾರ್ಥಿಗೂ ಕಷ್ಟವಲ್ಲ.

ಮೊದಲನೆಯದು ನಿಮಿಷ. ಒಬ್ಬ ಅನುಭವಿ 12 ಪಂದ್ಯಗಳಲ್ಲಿ 6 ಗೋಲು, ಒಬ್ಬ ಹೊಸಬ 12 ಪಂದ್ಯಗಳಲ್ಲಿ 3 ಗೋಲು ಹೊಡೆದರೆಂದು ಇಟ್ಟುಕೊಳ್ಳೋಣ. ಪಟ್ಟಿ ನೋಡಿದವರು ಅನುಭವಿಯೇ ಇಮ್ಮಡಿ ಎನ್ನುತ್ತಾರೆ. ಆದರೆ ಅನುಭವಿ ಪ್ರತಿ ಪಂದ್ಯ ಪೂರ್ತಿ ಆಡಿದ್ದರೆ 1,080 ನಿಮಿಷ. 180 ನಿಮಿಷಕ್ಕೆ ಒಂದು ಗೋಲು. ಹೊಸಬನಿಗೆ ಪ್ರತಿ ಸಲ ಕೊನೆಯ 30 ನಿಮಿಷ ಮಾತ್ರ ಸಿಕ್ಕಿದ್ದರೆ 360 ನಿಮಿಷ. 120 ನಿಮಿಷಕ್ಕೆ ಒಂದು ಗೋಲು. ಈಗ ಹೊಸಬ ಮುಂದೆ ಕಾಣುತ್ತಾನೆ. ಅಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಎದುರಾಳಿಯ ರಕ್ಷಣೆಯವರು ದಣಿದಿರುತ್ತಾರೆ. 360 ನಿಮಿಷವೆಂದರೆ ನಾಲ್ಕೇ ಪೂರ್ಣ ಪಂದ್ಯ. ಅಷ್ಟರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಅವನಿಗೆ ಇನ್ನಷ್ಟು ಹೊತ್ತು ಕೊಟ್ಟು ನೋಡಬೇಕು ಎಂಬಷ್ಟನ್ನೇ ಈ ಲೆಕ್ಕ ಹೇಳುತ್ತದೆ.

ಎರಡನೆಯದು ಗೋಲಿನ ಬಗೆ. ಪೆನಾಲ್ಟಿ ಗೋಲುಗಳನ್ನು ಬೇರೆ ಬರೆಯಬೇಕು. ಪೆನಾಲ್ಟಿ ಹೊಡೆಯುವ ಜವಾಬ್ದಾರಿ ಸಾಮಾನ್ಯವಾಗಿ ಹಿರಿಯರ ಪಾಲಿಗೆ ಬರುತ್ತದೆ. ಅದಕ್ಕೆ ಗಟ್ಟಿ ಎದೆ ಬೇಕು ನಿಜ. ಆದರೆ ಆ ಅವಕಾಶ ಕಿರಿಯನಿಗೆ ಸಿಕ್ಕೇ ಇರುವುದಿಲ್ಲ.

ಮೂರನೆಯದು ಚೆಂಡು ಕಾಲಿನಲ್ಲಿ ಇಲ್ಲದ ಹೊತ್ತು. 90 ನಿಮಿಷದಲ್ಲಿ ಒಬ್ಬ ಆಟಗಾರನ ಬಳಿ ಚೆಂಡು ಇರುವುದು ಕೆಲವೇ ನಿಮಿಷ. ಉಳಿದ ಹೊತ್ತು ಅವನೇನು ಮಾಡಿದ? ಜೊತೆಗಾರನಿಗೆ ಜಾಗ ಮಾಡಿಕೊಟ್ಟನೇ? ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿ ಬಂದನೇ? ಹಿರಿಯನ ಜಾಣ್ಮೆಯೂ ಕಿರಿಯನ ಶ್ರಮವೂ ಹೆಚ್ಚಾಗಿ ಕಾಣುವುದು ಇಲ್ಲಿಯೇ.

ನಾಲ್ಕನೆಯದು ಗಡುವು. ಒಂದು ಪಂದ್ಯಕ್ಕೆ ತೀರ್ಪು ಕೊಡಬಾರದು. ಐದು ಪಂದ್ಯವಾದರೂ ನೋಡಬೇಕು. ಈ ಗಡುವು ಇಬ್ಬರಿಗೂ ಒಂದೇ ಇರಬೇಕು.

ಲೆಕ್ಕ ಬರೆದಿಟ್ಟರೂ ಕೆಲವು ಪ್ರಶ್ನೆಗಳು ಸುಲಭವಾಗಿ ಬಗೆಹರಿಯುವುದಿಲ್ಲ. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್‌ಲೇಕ್ ಮೈದಾನದಲ್ಲಿ ಕುವೈತ್ ವಿರುದ್ಧ ಆಡಿ ಛೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿದರು. ಅಷ್ಟರಲ್ಲಿ ದೇಶದ ಪರ 94 ಗೋಲು ಹೊಡೆದಿದ್ದರು. ಆದರೆ ಬೆಂಗಳೂರು ತಂಡಕ್ಕೆ ಆಡುವುದನ್ನು ಬಿಡಲಿಲ್ಲ. 2024–25ರ ಲೀಗ್ ಋತುವಿನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲೆಲ್ಲ ಮುಂದೆ ನಿಂತರು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದಾಗ ಅವರಿಗೆ 40 ದಾಟಿತ್ತು. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡ ಅವರನ್ನು ಮತ್ತೆ ಕರೆಯಿತು. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧದ 3–0 ಗೆಲುವಿನಲ್ಲಿ ಒಂದು ಗೋಲು ಅವರದಾಯಿತು. ಆದರೆ ಏಷ್ಯಾ ಕಪ್ ಅರ್ಹತಾ ಪಂದ್ಯಗಳಲ್ಲಿ ಭಾರತ ಬಾಂಗ್ಲಾದೇಶದೊಂದಿಗೆ ಗೋಲಿಲ್ಲದೆ ಸಮ ಮಾಡಿಕೊಂಡಿತು, ಹಾಂಗ್‌ಕಾಂಗ್‌ಗೆ ಸೋತಿತು, ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1–2ರಿಂದ ಸೋತು ಹೊರಬಿದ್ದಿತು.

ಸೋತ ಮೇಲೆ “ಮುದುಕನನ್ನು ಕರೆದದ್ದೇ ತಪ್ಪು” ಎಂದವರು ಬಹಳ. ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಅವರನ್ನು ಕರೆದದ್ದು ಹಳೆಯ ಹೆಸರಿಗೋ ಆ ವರ್ಷದ ಆಟಕ್ಕೋ ಎಂಬುದು ಮೊದಲನೆಯದು. ಆ ವರ್ಷದ 14 ಗೋಲುಗಳನ್ನು ನೋಡಿದರೆ ಕರೆಗೆ ಕಾರಣವಿತ್ತು. ಇಷ್ಟು ವರ್ಷಗಳಲ್ಲಿ ಅವರ ಜಾಗಕ್ಕೆ ಇನ್ನೊಬ್ಬ ಏಕೆ ತಯಾರಾಗಲಿಲ್ಲ ಎಂಬುದು ಎರಡನೆಯದು. ಅದರ ಉತ್ತರ ಛೆಟ್ರಿಯವರ ಬಳಿ ಇಲ್ಲ. ಲೀಗಿನ ತಂಡಗಳು ಮುಂಚೂಣಿಯ ಜಾಗಕ್ಕೆ ಹೆಚ್ಚಾಗಿ ವಿದೇಶಿಯರನ್ನೇ ತರುತ್ತ ಬಂದಿವೆ. ಭಾರತದ ಹುಡುಗರಿಗೆ ಅಲ್ಲಿ ಸಿಗುವ ನಿಮಿಷಗಳು ಕಡಿಮೆ. ಆಡಲು ಹೊತ್ತೇ ಕೊಡದೆ “ಹುಡುಗರಲ್ಲಿ ದಮ್ಮಿಲ್ಲ” ಎನ್ನುವುದು ಎಷ್ಟು ಅನ್ಯಾಯವೋ, ಆ ಕೊರತೆಯ ಹೊಣೆಯನ್ನು ಹಿರಿಯ ಆಟಗಾರನ ತಲೆಗೆ ಕಟ್ಟುವುದೂ ಅಷ್ಟೇ ಅನ್ಯಾಯ.

ಹೊತ್ತು ಕೊಟ್ಟರೆ ಏನಾಗುತ್ತದೆಂಬುದಕ್ಕೂ ಅದೇ ತಂಡದಲ್ಲಿ ಉದಾಹರಣೆಯಿದೆ. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರನ್ನು 1–0ಯಿಂದ ಗೆಲ್ಲಿಸಿದ ಗೋಲು 19ರ ವಿನಿತ್ ವೆಂಕಟೇಶ್ ಅವರದು. ಛೆಟ್ರಿ ಮೊದಲ ಸಲ ಭಾರತದ ಅಂಗಿ ತೊಟ್ಟದ್ದು 2005ರಲ್ಲಿ. ವಿನಿತ್ ಹುಟ್ಟಿದ್ದೂ ಅದರ ಆಸುಪಾಸಿನಲ್ಲೇ. ಇಬ್ಬರೂ ಒಂದೇ ತಂಡದಲ್ಲಿ, ಒಂದೇ ಋತುವಿನಲ್ಲಿ ಕೆಲಸಕ್ಕೆ ಬಂದರು.

ಹೊರಗೆ ಕೂತವರೆಲ್ಲ ಕಡಿಮೆಯವರಲ್ಲ ಎಂಬ ಪಾಠಕ್ಕೆ ವಿಜಯಪುರದ ಮಕ್ಕಳು ದೂರ ಹೋಗಬೇಕಿಲ್ಲ. ಈ ಊರಿನವರೇ ಆದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್ ಕ್ರಿಕೆಟ್‌ಗೆ ಇಂಗ್ಲೆಂಡಿಗೆ ಹೋದರೂ ಪಂದ್ಯದ ಮೇಲೆ ಪಂದ್ಯ ಹೊರಗೇ ಕೂತಿದ್ದರು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಗೆದ್ದರೆ ಮಾತ್ರ ಸೆಮಿಫೈನಲ್ ಎಂಬ ಸ್ಥಿತಿಯಲ್ಲಿ ಅವರಿಗೆ ಚೆಂಡು ಸಿಕ್ಕಿತು. 15 ರನ್ನಿಗೆ 5 ವಿಕೆಟ್ ಕಿತ್ತರು. ಹೊರಗಿದ್ದ ಅಷ್ಟೂ ದಿನ ಅವರು ತಯಾರಿ ಬಿಟ್ಟಿರಲಿಲ್ಲವೆಂಬುದನ್ನು ಆ ಒಂದು ದಿನ ಹೇಳಿತು.

ಇದು ಟಿ.ವಿ. ಆಟಕ್ಕೆ ಮಾತ್ರ ಸೇರಿದ ಮಾತಲ್ಲ ಎಂಬುದು ಇಟ್ಟಂಗಿಹಾಳದ ಆ ಮನೆಗೆ 2024ರ ಮಳೆಗಾಲದಲ್ಲಿ ತಿಳಿಯಿತು. ಎಂಟನೆಯ ಇಯತ್ತೆಯಲ್ಲಿದ್ದಾಗ ಮೊಮ್ಮಗ ಕಿರಿಯರ ಪಕ್ಷ ಹಿಡಿದಿದ್ದಕ್ಕೆ ಕಾರಣವಿತ್ತು. ಆಗ ಅವನ ಸಾಲಿಯ ತಂಡದ ತುಂಬ ಹತ್ತನೆಯವರೇ ಇದ್ದರು, ಇವನು ಗೆರೆಯ ಹೊರಗೆ ನೀರಿನ ಬಾಟಲಿ ಕಾಯುತ್ತಿದ್ದ. ಈಗ ಇವನೇ ಹತ್ತನೆಯ ಇಯತ್ತೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಪಿ.ಟಿ. ಮಾಸ್ತರರು ಆರಿಸಿದ ಹನ್ನೊಂದು ಮಂದಿಯಲ್ಲಿ ಇವನ ಜಾಗಕ್ಕೆ ಎಂಟನೆಯ ಇಯತ್ತೆಯ ಒಬ್ಬ ಸಣ್ಣ ಹುಡುಗನ ಹೆಸರಿತ್ತು. ಇವನು ಬದಲಿ.

ಮನೆಗೆ ಬಂದವನು ಚೀಲ ಎಸೆದು, “ಎರಡು ವರ್ಷ ಆಡೀನಿ ನಾ. ಅಂವಾ ನಿನ್ನೆ ಬಂದಾನ” ಎಂದು ಅತ್ತ.

ಇಂಥ ಹೊತ್ತಿನಲ್ಲಿ ಪಾಲಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಮಾಸ್ತರರ ಬಳಿ ಜಗಳಕ್ಕೆ ಹೋಗುತ್ತಾರೆ, ಇಲ್ಲವೆ “ಆಟ ಸಾಕು, ಓದು” ಎನ್ನುತ್ತಾರೆ. ಅಪ್ಪ ಎರಡನ್ನೂ ಮಾಡಲಿಲ್ಲ. ಅದೇ ನೋಟ್‌ಬುಕ್ ತಂದು ಮುಂದಿಟ್ಟರು. ಛೆಟ್ರಿ, ಶಿವಶಕ್ತಿಯರ ಲೆಕ್ಕದ ಹಿಂದಿನ ಪುಟಗಳಲ್ಲಿ ಹುಡುಗ ತನ್ನ ಸಾಲಿಯ ಆಟದ ಲೆಕ್ಕವನ್ನೂ ಬರೆದಿದ್ದ. ಸಂಜೆಯ ಕೊನೆಯ ಐದು ಆಟಗಳನ್ನು ಅವನೇ ಕೂಡಿಸಿ ನೋಡಿದ. ಸಣ್ಣವನು ಚೆಂಡು ಕಳೆದುಕೊಂಡಾಗಲೆಲ್ಲ ಹಿಂದಕ್ಕೆ ಓಡಿದ್ದ. ಇವನು ಬಹಳ ಸಲ ನಿಂತಲ್ಲೇ ನಿಂತು ಕೈ ಎತ್ತಿದ್ದ.

ಮುತ್ಯಾ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: “ತಮ್ಮಾ, ಹೊಸಾ ಬಳ್ಳಿಗೆ ಮೊದಲನೇ ವರ್ಷ ಗೊನಿ ಎಲ್ಲಿ ಅಂತ ಕೇಳಬಾರದು. ಅದಕ ನಾವು ನೀರು ಹಾಕಿ ಕಾದೀವಿ, ನಿನಗೂ ಕಾದಾರ. ಹಳೇ ಬಳ್ಳಿಗೆ ಹಿಂದಿನ ವರ್ಷದ ಗೊನಿ ಲೆಕ್ಕ ಹಿಡದು ಈ ವರ್ಷ ರೊಕ್ಕ ಯಾರೂ ಕೊಡೂದಿಲ್ಲ. ಹಂಗಂತ ಹಳೇ ಬಳ್ಳಿ ಯಾರೂ ಕಡದು ಒಗಿಯೂದಿಲ್ಲ. ಚಾಟ್ನಿ ಮಾಡಿ ಮತ್ತ ಚಿಗರಾಕ ಬಿಡತೀವಿ.”

ಒಂದು ವರ್ಷದ ಹಿಂದೆ ಹೆಸರಿಲ್ಲದ ತಂಡ ಉಪ್ಪಿಲ್ಲದ ಸಾರು ಎಂದಿದ್ದವರೂ ಇದೇ ಮುತ್ಯಾ. ಹಿರಿಯರೂ ಕಲಿಯುತ್ತಾರೆ.

ಹಿರಿಯನಿಗೆ ಅವನ ವರ್ಷಗಳಿಗಾಗಿ ಗೌರವ ಸಲ್ಲಬೇಕು. ಜಾಗ ಮಾತ್ರ ಇಂದಿನ ಆಟಕ್ಕೆ ಸಲ್ಲಬೇಕು. ಕಿರಿಯನಿಗೆ ಕಾಲಾವಕಾಶ ಸಲ್ಲಬೇಕು, ರಿಯಾಯಿತಿ ಬೇಕಿಲ್ಲ. ಮನೆಯಲ್ಲಿ ಅಣ್ಣ ತಮ್ಮಂದಿರನ್ನು, ಅಕ್ಕ ತಂಗಿಯರನ್ನು ಹೋಲಿಸುವಾಗಲೂ ಪಾಲಕರು ಇದನ್ನು ನೆನೆದರೆ ಒಳ್ಳೆಯದು. ಹಿರಿಯ ಮಗಳು ಹಿಂದೊಮ್ಮೆ ತಂದ ಅಂಕಗಳು ಕಿರಿಯ ಮಗನನ್ನು ಹೊಡೆಯುವ ಕೋಲಲ್ಲ.

ತಾಲ್ಲೂಕು ಪಂದ್ಯದ ಹಿಂದಿನ ರಾತ್ರಿ ವಿಜಯಪುರದಲ್ಲಿ ಮಳೆ ಬಿದ್ದಿತ್ತು. ಆಟಕ್ಕೆ ಮುನ್ನ ಹತ್ತನೆಯ ಇಯತ್ತೆಯ ಹುಡುಗ ಎಂಟನೆಯವನನ್ನು ಮೈದಾನದ ಒಂದು ಮೂಲೆಗೆ ಕರೆದುಕೊಂಡು ಹೋದ. ಎರಡು ವರ್ಷ ಆ ಎರಿ ಮಣ್ಣಿನಲ್ಲಿ ಆಡಿ ಅವನಿಗೆ ಗೊತ್ತಿದ್ದ ಸಂಗತಿಯೊಂದಿತ್ತು.

“ಇಲ್ಲಿ ಚೆಂಡು ಉರುಳೂದಿಲ್ಲ, ಹುಗೀತೈತಿ. ಎತ್ತಿ ಹೊಡಿ” ಎಂದು ತೋರಿಸಿ, ಹೊರಗೆ ಬಂದು ಕೂತು ತನ್ನ ಬೂಟಿನ ಲೇಸು ಬಿಗಿದುಕೊಂಡ. ಅವನನ್ನು ಕರೆದರೆ ತಯಾರಿರಬೇಕಲ್ಲ.