ನಿಖಿಲ್ ಸಿಕ್ಕರು, ಜಿಲ್ಲಾ ಪಂಚಾಯಿತಿ ಎಲ್ಲಿ?

ರಾಜಕೀಯದ ಯಾವ ವಿಡಿಯೋಗೆ ಗಿರಾಕಿ ಜಾಸ್ತಿ? ಉತ್ತರಕ್ಕಾಗಿ ಮಂಡ್ಯದವರು ಪರಸ್ಥಳಕ್ಕೆ ಹೋಗಬೇಕಾಗಿಲ್ಲ. 2019ರ ಲೋಕಸಭಾ ಚುನಾವಣೆಯ ಕಾಲಕ್ಕೆ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ತುಣುಕು ಜಿಲ್ಲೆ ದಾಟಿ, ರಾಜ್ಯ ದಾಟಿ ಓಡಾಡಿತು. ಹಾಗೆ ನೋಡಿದರೆ ಅದು ಚುನಾವಣಾ ಭಾಷಣವೇ ಅಲ್ಲ. 2016ರ ‘ಜಾಗ್ವಾರ್’ ಚಿತ್ರದ ಸಮಾರಂಭದಲ್ಲಿ ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕೂಗಿ ಕರೆದದ್ದು, ಮಗ ಜನರ ಮಧ್ಯದಿಂದ ಉತ್ತರ ಕೊಟ್ಟದ್ದು, ಅಷ್ಟೇ. ಮೂರು ವರ್ಷ ಅಟ್ಟದ ಮೇಲಿದ್ದ ಸರಕನ್ನು ಯಾರೋ ಕೆಳಗಿಳಿಸಿ ಧೂಳು ಕೊಡವಿದರು, ಭರ್ಜರಿ ವ್ಯಾಪಾರವಾಯಿತು.

ನಿಖಿಲ್ ಸೋತರು. ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ತುಣುಕೇ ಸೋಲಿಸಿತು ಅಂತ ಹೇಳುವವರಿದ್ದಾರೆ, ಅದು ಉತ್ಪ್ರೇಕ್ಷೆ. ಅಂಬರೀಷ್ ತೀರಿಕೊಂಡು ಆರು ತಿಂಗಳೂ ತುಂಬಿರಲಿಲ್ಲ. ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಸುಮಲತಾಗೆ ಬೆಂಬಲ ಕೊಟ್ಟಿತ್ತು. ಆದರೆ ಆ ದಿನಗಳಲ್ಲಿ ಜಿಲ್ಲೆ ಏನು ಮಾತಾಡಿತು ಎಂದರೆ, ಅದನ್ನೇ ಮಾತಾಡಿತು. 1933ರಿಂದ ಇರುವ ಮೈಷುಗರ್ ಕಾರ್ಖಾನೆಯ ಸಂಕಟಕ್ಕೆ ಅಂಥ ನೋಡುಗರು ಸಿಗಲಿಲ್ಲ. ಅದು ವರ್ಷಗಟ್ಟಲೆ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು.

ಓಡಿದ ಬೇರೆ ತುಣುಕುಗಳನ್ನೂ ನೋಡಿ. 2018ರ ಡಿಸೆಂಬರಿನಲ್ಲಿ ಮದ್ದೂರಿನಲ್ಲಿ ಜೆಡಿಎಸ್ ಮುಖಂಡರೊಬ್ಬರ ಕೊಲೆಯಾದಾಗ, ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿ ಫೋನಿನಲ್ಲಿ ದಯೆ ತೋರಬೇಡಿ ಎಂದು ಸಿಟ್ಟಾಗಿ ಹೇಳಿದ್ದು ಓಡಿತು. 2019ರ ಜನವರಿಯಲ್ಲಿ ಮೈಸೂರು ಜಿಲ್ಲೆಯ ಸಭೆಯಲ್ಲಿ ಸಿದ್ದರಾಮಯ್ಯ ಮಹಿಳೆಯೊಬ್ಬರ ಕೈಯಿಂದ ಮೈಕು ಕಿತ್ತುಕೊಂಡದ್ದು ಓಡಿತು. 2023ರಲ್ಲಿ ಟಿಕೆಟ್ ಇಲ್ಲದ ಈಶ್ವರಪ್ಪನವರಿಗೆ ಪ್ರಧಾನಿ ಮೋದಿ ಮಾಡಿದ ಫೋನೂ ಓಡಿತು. ಪಕ್ಷ ಯಾವುದಾದರೇನು? ಕೋಪ, ಕಣ್ಣೀರು, ಗೇಲಿ, ಇಲ್ಲವೇ ಕದ್ದು ಕೇಳಿದಂತೆ ಅನ್ನಿಸುವ ಮಾತು. ಇವಕ್ಕಿರುವ ಗಿರಾಕಿ ಬೇರೆ ಯಾವುದಕ್ಕೂ ಇಲ್ಲ. ಮೈಕು ಹಿಡಿದಿದ್ದ ಆ ಹೆಣ್ಣುಮಗಳು ತಂದಿದ್ದ ಅಹವಾಲೇನು? ಈಗ ಎಷ್ಟು ಜನಕ್ಕೆ ನೆನಪಿದೆ?

ಜನಕ್ಕೆ ಉದ್ದದ್ದನ್ನು ಕೂತು ನೋಡುವ ತಾಳ್ಮೆ ಇಲ್ಲ ಎಂದು ಬಯ್ಯುವುದು ಸುಲಭ. ಅದೂ ಪೂರ್ತಿ ನಿಜವಲ್ಲ. 2019ರ ಜುಲೈ 18ರಿಂದ 23ರವರೆಗೆ ವಿಧಾನಸಭೆಯಲ್ಲಿ ವಿಶ್ವಾಸಮತದ ಚರ್ಚೆ ಎಳೆದಾಡಿದಾಗ ಟೀವಿ ಇದ್ದ ಹೋಟೆಲುಗಳಲ್ಲಿ ಕಾಫಿ ಆರಿದರೂ ಜನ ಏಳಲಿಲ್ಲ. 99ಕ್ಕೆ 105, ಸರ್ಕಾರ ಬಿತ್ತು. ಗಾದಿ ಯಾರದ್ದು ಎಂಬುದು ಕಣ್ಣೆದುರೇ ತೀರ್ಮಾನವಾಗುವುದಾದರೆ ಜನ ನೋಡುತ್ತಾರೆ. ಬಜೆಟ್ಟಿನ ಬೇಡಿಕೆಗಳ ಮೇಲಿನ ಚರ್ಚೆಗೆ ಬಂದರೆ ಸದನದಲ್ಲೇ ಕುರ್ಚಿಗಳು ಖಾಲಿ ಇರುತ್ತವೆ. ಮನೆಯಲ್ಲಿ ಕೂತವನು ನೋಡಲಿಲ್ಲ ಅಂತ ಯಾವ ಬಾಯಿಂದ ಕೇಳುವುದು?

ಇನ್ನು ಈ ಲಕ್ಷ, ಕೋಟಿ ವೀಕ್ಷಣೆಯ ಲೆಕ್ಕ. 2025ರ ಮಾರ್ಚ್ 31ರಿಂದ ಯೂಟ್ಯೂಬಿನವರು ಚಿಕ್ಕ ವಿಡಿಯೋಗಳ ಲೆಕ್ಕದ ಕ್ರಮ ಬದಲಿಸಿದರು. ವಿಡಿಯೋ ಶುರುವಾದರೆ ಸಾಕು, ಒಂದು ವೀಕ್ಷಣೆ. ಅದೇ ತಿರುಗಿ ಓಡಿದರೆ ಇನ್ನೊಂದು. ಎಷ್ಟು ಹೊತ್ತು ನೋಡಿದ ಎಂಬ ಪ್ರಶ್ನೆಯೇ ಇಲ್ಲ. ಅಂಗಡಿ ಮುಂದೆ ಹಾದುಹೋದವರನ್ನೆಲ್ಲ ಗಿರಾಕಿ ಅಂತ ಖಾತೆಗೆ ಬರೆದಂತಾಯಿತು. ಯಾವ ಶೆಟ್ಟರು ಇಂಥ ಲೆಕ್ಕ ಒಪ್ಪುತ್ತಾರೆ? ನಮ್ಮ ಪುಢಾರಿಗಳು ಒಪ್ಪುತ್ತಾರೆ. ಆ ಅಂಕಿಯನ್ನು ನೋಡಿಕೊಂಡೇ ಮಾರನೇ ದಿನದ ಭಾಷಣಕ್ಕೆ ಯಾರನ್ನು ಬಯ್ಯಬೇಕೆಂದು ಆರಿಸಿಕೊಳ್ಳುತ್ತಾರೆ. ಮೊದಲು ಜನರ ಕಡೆ ನೋಡಿ ಮಾತಾಡುತ್ತಿದ್ದವರು ಈಗ ಎದುರಿಗೆ ಎತ್ತಿ ಹಿಡಿದ ಫೋನಿನ ಕಡೆ ನೋಡುತ್ತಾರೆ.

ಪೆಟ್ಟು ಬೀಳುತ್ತಿರುವುದು ಇಲ್ಲೇ. ನಡೆದದ್ದಕ್ಕೆ ವಿಡಿಯೋ ಇರುತ್ತದೆ. ನಡೆಯದೇ ಹೋದದ್ದಕ್ಕೆ ಎಲ್ಲಿಂದ ತರುವುದು? ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನವೇ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟು ಎಂದು ವಾಯಿದೆ ಬೆಳೆಯಿತು. ಬಿಜೆಪಿ ಸರ್ಕಾರ ಮಾಡಲಿಲ್ಲ. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಎರಡು ವರ್ಷ ಕಳೆದರೂ ಮಾಡಲಿಲ್ಲ. ಇದು ನಜೀರ್ ಸಾಬರ ರಾಜ್ಯ. 1987ರಲ್ಲೇ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿದ ರಾಜ್ಯ!

ಸದಸ್ಯರಿದ್ದ ಕಾಲದಲ್ಲಿ ಜಿಲ್ಲಾ ಪಂಚಾಯಿತಿ ಸಭೆಯೆಂದರೆ ಗಲಾಟೆಯೇ, ಸುಳ್ಳೇನಲ್ಲ. ಆದರೂ ಕೆಟ್ಟ ಕೊಳವೆಬಾವಿ, ಸೋರುವ ಶಾಲೆ, ಬಾರದ ಡಾಕ್ಟರು, ಇವೆಲ್ಲ ಆ ಗಲಾಟೆಯಲ್ಲೇ ಹೊರಗೆ ಬರುತ್ತಿದ್ದವು. ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹಳ್ಳಿಯವನು ತನ್ನ ಸದಸ್ಯನ ಮನೆ ಬಾಗಿಲು ತಟ್ಟೋಣವೆಂದರೆ ಸದಸ್ಯನೇ ಇಲ್ಲ. ಅರ್ಜಿ ಹಿಡಿದು ಜಿಲ್ಲಾ ಕೇಂದ್ರದ ಬಸ್ಸು ಹತ್ತಬೇಕು, ಸೀಟು ಸಿಕ್ಕರೆ ಊರು ಬರುವವರೆಗೆ ಫೋನು ನೋಡುತ್ತಾ ಕೂರಬೇಕು.