ಪೆನುಕೊಂಡಕ್ಕೆ ಒಬ್ಬರೇ ಹೋಗಿಬನ್ನಿ

ಹೊರದೇಶದ ಹಳೆಯ ರಾಜಧಾನಿಯೊಂದನ್ನು ಯಾರ ಜೊತೆಯೂ ಇಲ್ಲದೆ, ತಾವೇ ಗಾಡಿ ಓಡಿಸಿಕೊಂಡು ಹೋಗಿ ನೋಡಿಬರಬೇಕೆಂಬುದು ಈಗ ಎಷ್ಟೋ ಕನ್ನಡಿಗರ ಆಸೆ. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಸುತ್ತಿನವರಿಗೆ ಅಂಥ ಪರನಾಡಿನ ರಾಜಧಾನಿ ಒಂದು ಹಗಲಿನ ದಾರಿಯಲ್ಲೇ ಇದೆ. ಆಂಧ್ರದ ಗಡಿ ದಾಟಿ ಲೇಪಾಕ್ಷಿ ನೋಡಿ, ಕೊಡಿಕೊಂಡದ ಬಳಿ 44ನೇ ಹೆದ್ದಾರಿ ಸೇರಿ ಉತ್ತರಕ್ಕೆ ಹೋದರೆ ಪೆನುಕೊಂಡ. ವಾಪಸು ಹಿಂದೂಪುರದ ಮೇಲೆ ಬಂದರೆ ಕತ್ತಲಾಗುವ ಮುಂಚೆ ಊರು. ಈ ಭಾಗದ ಪ್ರತಿಯೊಬ್ಬರೂ ಒಮ್ಮೆಯಾದರೂ ಈ ದಾರಿ ಹಿಡಿಯಬೇಕು, ಅದರಲ್ಲೂ ಒಬ್ಬರೇ ಹೋಗಬೇಕು ಎಂಬುದು ನನ್ನ ವಾದ.

ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ವಿಜಯನಗರದ ಕಥೆ 1565ರಲ್ಲಿ, ರಕ್ಕಸ ತಂಗಡಿಯ ಯುದ್ಧದೊಂದಿಗೆ ಮುಗಿದುಹೋಗುತ್ತದೆ. ಹಂಪಿ ಹಾಳಾಯಿತು ನಿಜ, ರಾಜ್ಯ ಮುಗಿಯಲಿಲ್ಲ. ಅಳಿಯ ರಾಮರಾಯನ ತಮ್ಮ, ಅರವೀಡು ಮನೆತನದ ತಿರುಮಲರಾಯ ಆಳ್ವಿಕೆಯನ್ನು ಪೆನುಕೊಂಡಕ್ಕೆ ತಂದ. ಹಾಗೆಂದು ಅದು ಸೋತವರು ಅವಸರದಲ್ಲಿ ಹುಡುಕಿಕೊಂಡ ಮೂಲೆಯೂ ಅಲ್ಲ. ಬುಕ್ಕರಾಯನ ಮಗ ವಿರೂಪಣ್ಣ ಈ ಸೀಮೆಯನ್ನು ಆಳುತ್ತಿದ್ದನೆಂದು 1354ರ ಶಾಸನವೇ ಹೇಳುತ್ತದೆ. ಘನಗಿರಿ ಎಂಬ ಹೆಸರಿನ ಈ ಬೆಟ್ಟದೂರು ಸಾಮ್ರಾಜ್ಯದ ಆರಂಭದಿಂದಲೂ ಅದರ ಗಟ್ಟಿ ನೆಲೆಗಳಲ್ಲಿ ಒಂದು. ಬಿಜಾಪುರದ ಸೇನೆ ಮುತ್ತಿದಾಗ ಪೆನುಕೊಂಡವನ್ನು ಉಳಿಸಿಕೊಟ್ಟ ಜಗದೇವರಾಯನಿಗೆ ಉಂಬಳಿಯಾಗಿ ದೊಡ್ಡ ಸೀಮೆಯೇ ಸಿಕ್ಕಿತು. ಚನ್ನಪಟ್ಟಣ ಅವನ ರಾಜಧಾನಿಯಾಯಿತು. ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಕೈಗೆ ತೆಗೆದುಕೊಂಡಾಗ ಅಲ್ಲಿಂದ ಹೊರಟವನು ಇದೇ ಅರವೀಡು ಮನೆತನದ ಪ್ರತಿನಿಧಿ, ಇನ್ನೊಬ್ಬ ತಿರುಮಲ. ಚನ್ನಪಟ್ಟಣ, ಶ್ರೀರಂಗಪಟ್ಟಣಗಳು ನಮ್ಮವು, ಪೆನುಕೊಂಡ ಪರರದು ಎಂದರೆ ಮೈಸೂರು ಹುಟ್ಟಿದ ಬಗೆಯೇ ಅರ್ಥವಾಗುವುದಿಲ್ಲ.

ಈ ಗಡಿಯಾದರೂ ಎಷ್ಟು ಹಳೆಯದು? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅವನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ನಿಜಾಮ ತನ್ನ ಪಾಲಿನ ಸೀಮೆಗಳನ್ನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಪೆನುಕೊಂಡ ಹಾಗೆ ಮದರಾಸಿಗೆ ಸೇರಿತು, ಗೌರಿಬಿದನೂರು ಮೈಸೂರಿನಲ್ಲಿ ಉಳಿಯಿತು. ಜನರ ಮಾತನ್ನು ಕೇಳಿ ಎಳೆದ ಗೆರೆಯಲ್ಲ ಅದು. ಮಾತಾದರೋ ಇಂದಿಗೂ ಆ ಗೆರೆಯನ್ನು ಒಪ್ಪಿಲ್ಲ: ಇತ್ತ ಮನೆಗಳಲ್ಲಿ ತೆಲುಗು, ಅತ್ತ ಮಡಕಶಿರಾ ಸೀಮೆಯಲ್ಲಿ ಕನ್ನಡ. ಹೀಗೆಂದ ಕೂಡಲೇ ಗಡಿ ತಂಟೆ ಕೆದಕಿದಂತಾಗುತ್ತದೆ ಎಂದು ಕೆಲವರು ಅಳುಕಬಹುದು. ಒಂದಂಗುಲ ನೆಲವನ್ನೂ ಯಾರೂ ಕೇಳುತ್ತಿಲ್ಲ. ಆಡಳಿತ ಆಂಧ್ರದ್ದು, ಅಲ್ಲಿಯೇ ಇರಲಿ, ಚರಿತ್ರೆ ಇಬ್ಬರದು.

ವಿದುರಾಶ್ವತ್ಥ, ನಂದಿ ಪಕ್ಕದಲ್ಲೇ ಇರುವಾಗ ಪೆನುಕೊಂಡಕ್ಕೇಕೆ ಎಂಬುದು ಇನ್ನೊಂದು ಆಕ್ಷೇಪ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ವೇಳೆ ಗುಂಡೇಟಿಗೆ ಜನ ಬಲಿಯಾದ ವಿದುರಾಶ್ವತ್ಥವನ್ನು ಈ ತಾಲ್ಲೂಕಿನವರು ಮೊದಲು ನೋಡಲೇಬೇಕು, ಅನುಮಾನವಿಲ್ಲ. ಆದರೆ ಒಂದನ್ನು ಕಂಡರೆ ಇನ್ನೊಂದು ಬೇಡವಾಗುವುದಿಲ್ಲ. ಪೆನುಕೊಂಡದಲ್ಲಿ ಗಗನಮಹಲು, ಪಾರ್ಶ್ವನಾಥ ಬಸದಿ, ಬಾಬಯ್ಯನ ದರ್ಗಾ ಮೂರೂ ಒಂದೇ ಊರಿನೊಳಗಿವೆ. ಹಂಪಿಯ ವೈಭವ ಅಲ್ಲಿಲ್ಲ. ಸೋತ ಮೇಲೂ ಆಳಿದವರ ಮನೆ ಹೇಗಿತ್ತೆಂಬುದು ಮಾತ್ರ ಹಂಪಿಯಲ್ಲಿ ಕಾಣುವುದಿಲ್ಲ.

ಒಬ್ಬರೇ ಏಕೆ? ಗುಂಪಿನ ಪ್ರವಾಸಕ್ಕೆ ವ್ಯಾನಿನವನ ಗಡಿಯಾರವೇ ಯಜಮಾನ. ಲೇಪಾಕ್ಷಿಗೆ ಬಂದ ಗುಂಪು ತೂಗುವ ಕಂಬದ ಅಡಿಯಲ್ಲಿ ಬಟ್ಟೆ ತೂರಿಸಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತದೆ. ತಲೆಯೆತ್ತಿ ಚಾವಣಿಯ ಚಿತ್ರಗಳಲ್ಲಿನ ಸೀರೆಯ ಅಂಚು, ಕುಲಾವಿಗಳನ್ನು ನೋಡಲು ಪುರುಸೊತ್ತು ಬೇಕು. ಒಂಟಿಯಾಗಿ ಹೋದವರು ದಾರಿ ಕೇಳಲೇಬೇಕು, ಕೇಳಿದರೆ ಮಾತು ಬೆಳೆಯುತ್ತದೆ, ಆ ಊರಿನವರಿಗೆ ಆ ಕಲ್ಲು ಏನೆಂಬುದು ಅಲ್ಲಿ ತಿಳಿಯುತ್ತದೆ. ಇದು ಗಂಡಸರಿಗೆ ಸಲೀಸು, ಹೆಣ್ಣುಮಕ್ಕಳಿಗಲ್ಲ ಎಂಬ ಮಾತನ್ನು ತಳ್ಳಿಹಾಕಲಾರೆ. ಆದರೆ ಅದಕ್ಕೆ ಉತ್ತರ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವುದಲ್ಲ. ಸಂಜೆಯವರೆಗೂ ನೆಚ್ಚಬಹುದಾದ ಬಸ್ಸು, ಸ್ಮಾರಕಗಳ ಬಳಿ ಬೀಗ ಹಾಕದ ಶೌಚಾಲಯ, ಬೆಳಕಿರುವ ನಿಲ್ದಾಣ. ಎರಡೂ ರಾಜ್ಯಗಳ ಸಾರಿಗೆ, ಪ್ರವಾಸೋದ್ಯಮ ಇಲಾಖೆಗಳು ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ.

ಅವರು ಕೂತಾಗ ಇನ್ನೊಂದನ್ನೂ ಕೇಳಬೇಕು. ಅಚ್ಯುತರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದ ಲೇಪಾಕ್ಷಿಯ ವೀರಭದ್ರ ದೇಗುಲದ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಪ್ರತಿ ಶಾಸನದ ಪಕ್ಕದಲ್ಲೂ ಅದರ ಪಾಠವನ್ನು ಇಂದಿನ ಕನ್ನಡ ಅಕ್ಷರದಲ್ಲಿ, ಅದರ ಅರ್ಥವನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದ ಫಲಕ ನಿಲ್ಲಿಸಲಿ. ನಗರಗೆರೆಯಿಂದ ಬಂದ ಹೈಸ್ಕೂಲು ಹುಡುಗಿ ಅದನ್ನು ಓದಲಿ, ಹಿಂದೂಪುರದ ಹುಡುಗನೂ ಓದಲಿ.