ಮೇರಿಯನ್ನು ಹಿಚ್‌ಕಾಕ್ ಹಿಡಿದುಕೊಡಬೇಕಿತ್ತೇ?

‘ಆಲ್‌ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಸರಣಿಯ ‘ಲ್ಯಾಂಬ್ ಟು ದ ಸ್ಲಾಟರ್’ ಕಂತಿನ (1958) ಕೊನೆಗೆ ಹಿಚ್‌ಕಾಕ್ ತೆರೆಗೆ ಬಂದು, ಗಂಡನನ್ನು ಕೊಂದ ಮೇರಿ ಮುಂದೆ ಸಿಕ್ಕಿಬಿದ್ದಳು ಎನ್ನುತ್ತಾರೆ. ಆ ಮಾತು ಬೇಕಿತ್ತೇ?

ಪರ: ಬೇಕಿತ್ತು

ಮೊದಲನೆಯದಾಗಿ, ಕೊಲೆ ಕೊಲೆಯೇ. ಹೆಂಡತಿಯನ್ನು ಬಿಟ್ಟುಹೋಗುವ ಗಂಡ ಕೆಟ್ಟವನಿರಬಹುದು, ಅದಕ್ಕೆ ಮರಣದಂಡನೆಯಿಲ್ಲ. ಎರಡನೆಯದು, ಆಕೆ ಹೊಡೆದದ್ದು ಹಿಂದಿನಿಂದ, ಪ್ರಾಣಭಯದಿಂದಲ್ಲ. ಆಮೇಲಿನದಂತೂ ಆವೇಶದ ಕೆಲಸವೇ ಅಲ್ಲ. ಹೊಡೆಯಲು ಬಳಸಿದ ಕುರಿಮಾಂಸವನ್ನೇ ಓವನ್‌ಗಿಟ್ಟಳು, ದಿನಸಿ ಅಂಗಡಿಗೆ ಹೋಗಿ ಸಾಕ್ಷಿ ಕಟ್ಟಿಕೊಂಡಳು, ಬಂದು ಹೊಡೆದಾಟ ನಡೆದಂತೆ ಸಾಮಾನು ಉರುಳಿಸಿದಳು. ಮೂರನೆಯದು, ಅಮೆರಿಕದ ಟೆಲಿವಿಷನ್‌ಗೆ 1952ರಿಂದ ನೀತಿಸಂಹಿತೆಯಿತ್ತು, ಅಪರಾಧವನ್ನು ಸಮರ್ಥಿಸುವಂತಿರಲಿಲ್ಲ. ಮಕ್ಕಳುಮರಿ ಕೂತು ನೋಡುವ ಕಾರ್ಯಕ್ರಮ ಅದಕ್ಕೆ ತಲೆಬಾಗಿದ್ದು ಸರಿ. ಕತೆ ಕೆಟ್ಟಿತು ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ಅಷ್ಟರಲ್ಲಿ ಕತೆ ಮುಗಿದಿರುತ್ತದೆ. ನೋಡಿದವರಲ್ಲಿ ಹೆಚ್ಚಿನವರಿಗೆ ಆ ಮಾತು ನೆನಪೇ ಇರುವುದಿಲ್ಲ.

ವಿರೋಧ: ಖಂಡಿತ ಬೇಡವಾಗಿತ್ತು

ಮೇರಿಯ ಗಂಡ ಪ್ಯಾಟ್ರಿಕ್ ಮಲೋನಿ ಪೊಲೀಸ್ ಅಧಿಕಾರಿ. ಬಸುರಿ ಹೆಂಡತಿ ಅವನ ದಾರಿ ಕಾಯುತ್ತಾಳೆ, ಬಂದೊಡನೆ ಉಪಚರಿಸುತ್ತಾಳೆ. ಅವನೋ ಇನ್ನೊಬ್ಬಳಿದ್ದಾಳೆ, ನಿನ್ನನ್ನು ಬಿಡುತ್ತೇನೆ ಎಂದು ಠಾಣೆಗೆ ವರದಿ ಒಪ್ಪಿಸುವವನಂತೆ ಹೇಳಿ ಮುಗಿಸುತ್ತಾನೆ. ಆಕೆಗೆ ಅದು ತಲೆಗೇ ಇಳಿಯದು. ಅಡುಗೆ ಮಾಡುತ್ತೇನೆಂದು ಹೊರಟು, ಫ್ರೀಜರ್‌ನಿಂದ ಕಲ್ಲಾಗಿದ್ದ ಕುರಿಮರಿಯ ತೊಡೆ ತರುತ್ತಾಳೆ. ಹೊಡೆಯುವ ಹೊತ್ತಿಗೆ ಮೇರಿಯಾಗಿ ನಟಿಸಿದ ಬಾರ್ಬರಾ ಬೆಲ್ ಗೆಡ್ಡಿಸ್‌ರ ಮುಖ ನೋಡಿ: ಅಲ್ಲಿ ಸಂಚಿಲ್ಲ.

ತನಿಖೆಗೆ ಬಂದವರು ಅವನದೇ ಇಲಾಖೆಯವರು. ಭಾರವಾದ ಆಯುಧಕ್ಕಾಗಿ ಮನೆಯೆಲ್ಲ ಜಾಲಾಡುತ್ತಾರೆ, ಓವನ್ ಮುಂದೆಯೇ ಓಡಾಡುತ್ತಾರೆ. ಆಕೆಯೇ ಬಡಿಸಿದ ಮಾಂಸ ಜಗಿಯುತ್ತ, ಆಯುಧ ನಮ್ಮ ಮೂಗಿನಡಿಯೇ ಇರಬೇಕು ಎನ್ನುತ್ತಾರೆ. ಪಕ್ಕದಲ್ಲಿ ಒಬ್ಬಳೇ ಕೂತ ಮೇರಿಗೆ ನಗು ಬರುತ್ತದೆ. ಇಡೀ ಅರ್ಧ ಗಂಟೆಯಲ್ಲಿ ಆಕೆ ಇನ್ನೊಬ್ಬರಿಗಾಗಿ ಮಾಡದ ಒಂದೇ ಕೆಲಸ ಆ ನಗು.

ಅದನ್ನೂ ಹಿಚ್‌ಕಾಕ್ ಕೊನೆಯ ಮಾತಿನಲ್ಲಿ ಕಿತ್ತುಕೊಂಡರಲ್ಲ! ಆಕೆ ಎರಡನೇ ಗಂಡನಿಗೂ ಹಾಗೆಯೇ ಹೊಡೆಯಲು ಹೋದಳಂತೆ, ಅವನು ಫ್ರೀಜರ್ ಪ್ಲಗ್ ಹಾಕಲು ಮರೆತಿದ್ದರಿಂದ ಮಾಂಸ ಮೆತ್ತಗಿತ್ತಂತೆ. ಒಂದು ಗಳಿಗೆಯಲ್ಲಿ ಮನಸ್ಸು ಮುರಿದು ಕೈಯೆತ್ತಿದ ಹೆಂಗಸು ಇಲ್ಲಿ ಗಂಡಂದಿರನ್ನು ಕೊಲ್ಲುವುದೇ ಚಾಳಿಯಾದವಳಾಗುತ್ತಾಳೆ. ನಾವು ಕಣ್ಣಾರೆ ಕಂಡ ಅಪರಾಧಕ್ಕೆ ವಿಚಾರಣೆಯೇ ಇಲ್ಲ, ಕಾಣದ ಅಪರಾಧಕ್ಕೆ ಸೆರೆ. 1953ರಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಬಂದ ರೋಲ್ಡ್ ಡಾಲ್ ಅವರ ಮೂಲ ಕತೆಯಲ್ಲಿ ಈ ಎರಡನೇ ಗಂಡನಿಲ್ಲ. ಕಂತಿನ ಚಿತ್ರಕತೆ ಬರೆದವರೂ ಡಾಲ್ ಅವರೇ. ಆದರೆ ಸರಣಿಯಲ್ಲಿ ಹಿಚ್‌ಕಾಕ್ ಆಡುತ್ತಿದ್ದ ಮಾತುಗಳನ್ನು ಬರೆದುಕೊಡುತ್ತಿದ್ದವರು ಜೇಮ್ಸ್ ಅಲಾರ್ಡೈಸ್.

ನೀತಿಸಂಹಿತೆಯ ನೆಪ ಬೇಡ. ಶಿಕ್ಷೆ ಆಗಲೇಬೇಕಿದ್ದರೆ ಊಟದ ಮೇಜಿನಲ್ಲೇ ತನಿಖೆಗೆ ಬಂದ ಲೆಫ್ಟಿನೆಂಟ್ ನೂನನ್‌ಗೆ ಅನುಮಾನ ಬರಲಿ, ಆ ರಾತ್ರಿಯೇ ಆಕೆಯನ್ನು ಬಂಧಿಸಲಿ, ನನ್ನ ತಕರಾರಿಲ್ಲ. ಪ್ಯಾಟ್ರಿಕ್ ಆ ಸಂಜೆ ಏನು ಹೇಳಿದ ಎಂದು ನ್ಯಾಯಾಲಯದಲ್ಲಾದರೂ ಯಾರಾದರೂ ಆಕೆಯನ್ನು ಕೇಳುತ್ತಿದ್ದರು.